ಗಂಜಿಯ ತಿಳಿ, ಉಪ್ಪಿನ ಹರಳು: ಕೆಟ್ಟ ಹೊಟ್ಟೆಯ ಊಟದ ಚರಿತ್ರೆ

‘ಕಲುಷಿತ ನೀರು ಸೇವನೆ: ಹಲವರು ಅಸ್ವಸ್ಥ.’ ಈ ಶೀರ್ಷಿಕೆಯನ್ನು ನಾವು ಎಷ್ಟು ಸಲ ಬರೆದಿದ್ದೇವೆಂದರೆ, ಮೊದಲ ಪದ ಒತ್ತಿದರೆ ಸಾಕು, ಉಳಿದದ್ದನ್ನು ಮೊಬೈಲೇ ತುಂಬಿಕೊಡುತ್ತದೆ. ಮುಂಗಾರಿನ ಒಂದೆರಡು ದೊಡ್ಡ ಮಳೆ ಬೀಳಬೇಕು, ಚರಂಡಿಯೊಳಗೇ ಹಾದುಹೋದ ಕುಡಿಯುವ ನೀರಿನ ಪೈಪು ಎಲ್ಲೋ ಒಂದು ಕಡೆ ಒಡೆದಿರಬೇಕು. ಮರುದಿನ ಬೆಳಿಗ್ಗೆ ಸರ್ಕಾರಿ ಶಾಲೆಯ ಕೋಣೆಯಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ, ಕಿಟಕಿ ಸರಳಿಗೆ ಕಟ್ಟಿದ ಸಲೈನ್ ಬಾಟಲಿ, ಹೊರಗೆ ನೀರಿನ ಟ್ಯಾಂಕರ್. ನಾವು ಹೋಗುತ್ತೇವೆ, ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಸಂಖ್ಯೆ ಬರೆದುಕೊಳ್ಳುತ್ತೇವೆ, ಪಿಡಿಒ ಹೇಳಿದ ಒಂದು ಸಾಲು ಸೇರಿಸುತ್ತೇವೆ, ಫೋಟೊ ಕಳಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಮೂರು ವರ್ಷದ ಹಿಂದೆ ಇಂಥದೇ ಒಂದು ಊರಿಗೆ ಹೋಗಿದ್ದಾಗ ಶಾಲೆಯ ಬೆಂಚಿನ ಮೇಲೆ ಮಲಗಿದ್ದ ಹುಡುಗನ ಪಕ್ಕದಲ್ಲಿ ಅವನ ಅಜ್ಜಿ ಕೂತಿದ್ದಳು. ಸಲೈನ್ ಇಳಿದಿತ್ತು, ಹುಡುಗ ಕಣ್ಣು ಬಿಟ್ಟಿದ್ದ. ಅಜ್ಜಿ ನರ್ಸ್ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು: “ಹಸಿವು ಅಂತಾನ್ರಿ ಅಕ್ಕಾರ. ಒಂದೀಟು ಗಂಜಿ ಕೊಡ್ಲೇನು? ಡಾಕ್ಟ್ರು ಬೈಯೂದಿಲ್ಲಲ್ಲ?” ನರ್ಸ್ ನಕ್ಕು, “ಕೊಡ್ರಿ ಅಜ್ಜಿ, ತಿಳೀದು ಕೊಡ್ರಿ, ಉಪ್ಪು ಹಾಕಿ ಕೊಡ್ರಿ” ಅಂದರು.

ಆ ಮಾತನ್ನು ನಾವು ವರದಿಯ ಕೊನೆಗೆ ಸೇರಿಸಿದ್ದೆವು. ಮರುದಿನ ನೋಡಿದರೆ ಆ ಸಾಲು ಇರಲಿಲ್ಲ. ಜಾಹೀರಾತು ಬಂದಿತ್ತಂತೆ, ಕೆಳಗಿನಿಂದ ಕತ್ತರಿಸಿದ್ದರು. ಸರಿ, ಅದು ಡೆಸ್ಕಿನವರ ಹಕ್ಕು. ಆದರೆ ಎಪ್ಪತ್ತು ದಾಟಿದ ಹೆಂಗಸು ಗಂಜಿ ಕೊಡಲು ಅಪ್ಪಣೆ ಕೇಳಬೇಕಾಯಿತಲ್ಲ, ಅದು ನಮ್ಮ ತಲೆಯಲ್ಲಿ ಉಳಿಯಿತು. ಹೊಟ್ಟೆ ಕೆಟ್ಟಾಗ ಏನು ತಿನ್ನಬೇಕು ಅನ್ನುವುದು ಇವತ್ತು ನಿನ್ನೆಯ ಪ್ರಶ್ನೆಯಲ್ಲ. ಅದಕ್ಕೆ ಕಂಡುಕೊಂಡ ಉತ್ತರ ಎಷ್ಟೋ ಸಲ ಸಿಕ್ಕಿದೆ, ಎಷ್ಟೋ ಸಲ ಕಳೆದಿದೆ. ಈ ಬರಹ ಆ ಸಿಕ್ಕು ಕಳೆದದ್ದರ ಲೆಕ್ಕ.

ಹಳೆಯದರಿಂದಲೇ ಶುರು ಮಾಡೋಣ. ಚರಕ ಸಂಹಿತೆಯ ಸೂತ್ರಸ್ಥಾನದ ಎರಡನೇ ಅಧ್ಯಾಯದಲ್ಲಿ 28 ಬಗೆಯ ಗಂಜಿಗಳ ವಿವರ ಬರುತ್ತದೆ. ಯವಾಗು ಎಂದು ಅದಕ್ಕೆ ಹೆಸರು. ಹೊಟ್ಟೆನೋವಿಗೊಂದು, ಬಾಯಾರಿಕೆಗೊಂದು, ಭೇದಿಗೊಂದು. ಭೇದಿ ಕಟ್ಟುವ ಗಂಜಿಗೆ ಬೇಯಿಸುವ ಸಾಮಾನುಗಳನ್ನು ನೋಡಿ: ಬೇಲದ ಹಣ್ಣು, ಬಿಲ್ವ, ಹುಳಿ ರುಚಿಯ ಚಾಂಗೇರಿ ಸೊಪ್ಪು, ಮಜ್ಜಿಗೆ, ದಾಳಿಂಬೆ. ಮಲೆನಾಡಿನ ಯಾವುದಾದರೂ ಮನೆಯ ಹಿತ್ತಿಲಿಗೆ ಹೋಗಿ ನಿಂತರೆ ಈ ಐದರಲ್ಲಿ ಮೂರಾದರೂ ಕಣ್ಣಿಗೆ ಬೀಳುತ್ತವೆ. ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುವವರು ಚರಕನನ್ನು ಓದಿ ಮಾಡುತ್ತಿದ್ದಾರೆಂದಲ್ಲ. ಬಹುಶಃ ಚರಕ ಸಂಹಿತೆ ಬರೆದವರೇ ಅಡುಗೆಮನೆಗೆ ಹೋಗಿ ನೋಡಿರಬೇಕು ಅಂತ ನಮ್ಮ ಅನುಮಾನ.

ಆಯುರ್ವೇದದವರು ಗಂಜಿಯಲ್ಲೂ ದರ್ಜೆ ಮಾಡಿದ್ದಾರೆ. ಅಗುಳು ಒಂದೂ ಇಲ್ಲದಂತೆ ಸೋಸಿದ ತಿಳಿ ಮಂಡ. ಒಂದಿಷ್ಟು ಅಗುಳಿದ್ದು ಕುಡಿಯುವಂತಿದ್ದರೆ ಪೇಯ. ಗಟ್ಟಿಯಾಗಿ, ನೆಕ್ಕುವಂತಿದ್ದರೆ ವಿಲೇಪಿ. ಮಂಡಕ್ಕೆ ಅಕ್ಕಿಯ 14 ಪಟ್ಟು ನೀರು ಎಂದು ಶಾರ್ಙ್ಗಧರ ಸಂಹಿತೆ ಅಳತೆಯನ್ನೂ ಕೊಡುತ್ತದೆ. ಹೊಟ್ಟೆ ಪೂರ್ತಿ ಖಾಲಿಯಾದ ಮೇಲೆ ಮೊದಲು ಪೇಯ, ಆಮೇಲೆ ವಿಲೇಪಿ, ಆಮೇಲೆ ಹೆಸರುಕಾಳಿನ ಕಟ್ಟು, ಕೊನೆಗೆ ಮಾಂಸದ ರಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಅನ್ನುತ್ತದೆ ಶಾಸ್ತ್ರ. ನಮ್ಮ ಕಡೆ ಹೆಂಗಸರು ಇದನ್ನೇ “ಮೊದ್ಲು ತಿಳಿ, ಆಮ್ಯಾಲ ನುಚ್ಚು, ಆಮ್ಯಾಲ ಅನ್ನ” ಅಂತ ಮೂರು ಪದದಲ್ಲಿ ಮುಗಿಸುತ್ತಾರೆ. ಕೊಂಕಣಿಯವರು ಗಂಜಿಗೆ ‘ಪೇಜ’ ಅನ್ನುವುದು ಈ ಪೇಯದಿಂದಲೇ ಬಂದದ್ದು.

ಬೌದ್ಧರ ವಿನಯ ಪಿಟಕದಲ್ಲೂ ಗಂಜಿಗೆ ಜಾಗವಿದೆ. ಭಿಕ್ಷುಗಳು ಗಂಜಿ ಸ್ವೀಕರಿಸಬಹುದು ಎಂದು ಬುದ್ಧ ಒಪ್ಪಿಗೆ ಕೊಡುವಾಗ ಅದರ ಹತ್ತು ಗುಣಗಳನ್ನು ಹೇಳುತ್ತಾನೆ. ಹಸಿವು ನೀಗುತ್ತದೆ, ನೀರಡಿಕೆ ನೀಗುತ್ತದೆ, ವಾಯು ಸರಿಯಾಗುತ್ತದೆ, ಅರಗದೆ ಉಳಿದದ್ದು ಅರಗುತ್ತದೆ, ಹೀಗೆ. ಹಸಿವನ್ನೂ ನೀರಡಿಕೆಯನ್ನೂ ಒಂದೇ ಪಾತ್ರೆ ನೀಗಿಸುತ್ತದೆ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡದಲ್ಲಿ ಅಡುಗೆಯ ಬರವಣಿಗೆ ಕಡಿಮೆಯೇನಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ದನಕರುಗಳ ಔಷಧಿ ಇವುಗಳ ಜೊತೆಗೇ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವಿದೆ. ಇವತ್ತು ಯಾವ ಡಾಕ್ಟರ್ ಹತ್ತಿರ ಹೋದರೂ “ಎರಡು ದಿನ ಇಡ್ಲಿ ತಿನ್ನಿ” ಅನ್ನುತ್ತಾರಲ್ಲ, ಆ ಇಡ್ಲಿಯ ಹಳೆಯ ವಿಧಾನವೂ ಅಲ್ಲಿದೆ. ಆದರೆ ಅದರಲ್ಲಿ ಅಕ್ಕಿಯೇ ಇಲ್ಲ. ಮಜ್ಜಿಗೆಯಲ್ಲಿ ನೆನೆಸಿದ ಉದ್ದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು. ಬರೀ ಉದ್ದಿನ ಆ ಇಡ್ಲಿಯನ್ನು ಹೊಟ್ಟೆ ಕೆಟ್ಟವನಿಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ. ರೋಗಿಯ ಇಡ್ಲಿ ಅನ್ನುವುದು ಅಕ್ಕಿ ಸೇರಿದ ಮೇಲಿನ ಕಥೆ.

ಗಂಜಿಯ ಕಥೆ ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತುವುದು 16ನೇ ಶತಮಾನದಲ್ಲಿ. ಗಾರ್ಸಿಯಾ ದ ಓರ್ತ ಎಂಬ ಪೋರ್ಚುಗೀಸ್ ವೈದ್ಯ 1534ರಲ್ಲಿ ಗೋವಾಕ್ಕೆ ಬಂದ. ಇಲ್ಲೇ ನೆಲೆಸಿ, ಇಲ್ಲಿನ ವೈದ್ಯರ ಜೊತೆ ಓಡಾಡಿ, ಗಿಡಮೂಲಿಕೆ ಮತ್ತು ಔಷಧಿಗಳ ಬಗ್ಗೆ ಸಂಭಾಷಣೆಯ ರೂಪದ ಪುಸ್ತಕ ಬರೆದ. ಅದು ಗೋವಾದಲ್ಲೇ 1563ರಲ್ಲಿ ಅಚ್ಚಾಯಿತು. ವಾಂತಿಭೇದಿಯ ಪ್ರಸಂಗದಲ್ಲಿ ಅವನು ಹೇಳುತ್ತಾನೆ: ಇಲ್ಲಿನವರು ರೋಗಿಗೆ ಅಕ್ಕಿಯಿಂದ ಹಿಂಡಿ ತೆಗೆದ ನೀರಿಗೆ ಮೆಣಸು, ಜೀರಿಗೆ ಹಾಕಿ ಕುಡಿಸುತ್ತಾರೆ, ಅದಕ್ಕೆ ‘ಕಂಜೆ’ ಅನ್ನುತ್ತಾರೆ. ನಾನೂರ ಅರವತ್ತು ವರ್ಷದ ಹಿಂದಿನ ಈ ವಿಧಾನವನ್ನು ಇವತ್ತು ಕಾರವಾರದ ಯಾವ ಮನೆಯಲ್ಲಾದರೂ ಹಾಗೇ ಮಾಡಬಹುದು, ಒಂದು ಅಕ್ಷರ ಬದಲಿಸಬೇಕಿಲ್ಲ.

ಅದೇ ಓರ್ತ ಇನ್ನೊಂದನ್ನೂ ಬರೆಯುತ್ತಾನೆ. ವಾಂತಿಭೇದಿಯಾದವನ ಪಾದಕ್ಕೆ ಕಾದ ಕಬ್ಬಿಣದಿಂದ ಸುಡುತ್ತಿದ್ದರಂತೆ. ಓರ್ತನೂ ಒಬ್ಬ ದೊಡ್ಡ ಮನುಷ್ಯನಿಗೆ ಹಾಗೆ ಮಾಡಿಸಿದ್ದ. ಬರೆ ಹಾಕುವುದು ನಮ್ಮ ಕಡೆ ಇನ್ನೂ ಪೂರ್ತಿ ನಿಂತಿಲ್ಲ. ಕೂಸಿನ ಹೊಟ್ಟೆಯ ಮೇಲೆ ಬರೆಯ ಗುರುತನ್ನು ನಾವೇ ಕಣ್ಣಾರೆ ನೋಡಿದ್ದೇವೆ. ‘ಹಿರಿಯರು ಮಾಡಿದ್ದೆಲ್ಲ ವೈಜ್ಞಾನಿಕ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿಸುವವರು ಈ ಪುಟವನ್ನು ಪೂರ್ತಿ ಓದಬೇಕು. ಗಂಜಿ, ಬರೆ ಎರಡೂ ಒಂದೇ ಮನೆಯಲ್ಲಿದ್ದವು.

ಕಂಜೆ ಮುಂದೆ ಪೋರ್ಚುಗೀಸರ ಬಾಯಲ್ಲಿ ‘ಕಾಂಜ’ ಆಯಿತು. ಇವತ್ತು ಪೋರ್ಚುಗಲ್ಲಿನಲ್ಲಿ, ಬ್ರೆಜಿಲ್ಲಿನಲ್ಲಿ ಕಾಂಜ ಅಂದರೆ ಅಕ್ಕಿ ಹಾಕಿದ ಕೋಳಿಯ ಸಾರು. ಅಲ್ಲಿನ ಅಮ್ಮಂದಿರು ಹುಷಾರಿಲ್ಲದ ಮಕ್ಕಳಿಗೆ ಅದನ್ನೇ ಕುಡಿಸುತ್ತಾರೆ. ಇಂಗ್ಲಿಷಿನ ‘ಕಾಂಜಿ’ಯೂ ದಕ್ಷಿಣ ಭಾರತದ ಇದೇ ಪದ. ಚೀನಾದವರ ಅಕ್ಕಿ ಗಂಜಿಗೂ ಇಂಗ್ಲಿಷಿನಲ್ಲಿ ನಮ್ಮ ಹೆಸರೇ ಅಂಟಿಕೊಂಡಿದೆ.

ಬ್ರಿಟಿಷರ ಕಾಲಕ್ಕೆ ಗಂಜಿಯ ಮಾನ ಇಳಿಯಿತು. ಸೈನ್ಯದ ತುಕಡಿಗಳಲ್ಲಿ ತಪ್ಪು ಮಾಡಿದವರನ್ನು ಕೂಡಿಹಾಕುವ ಕೋಣೆಗೆ ‘ಕಾಂಜಿ ಹೌಸ್’ ಅನ್ನುತ್ತಿದ್ದರು, ಒಳಗಿದ್ದವರಿಗೆ ಸಿಗುತ್ತಿದ್ದದ್ದು ಅದೇ ಊಟವಾದ್ದರಿಂದ. 1876ರಿಂದ 78ರ ಮಹಾ ಬರದಲ್ಲಿ ಮೈಸೂರು ಸೀಮೆ, ಬಳ್ಳಾರಿ ಸೀಮೆಯ ಜನ ಸಾಲುಗಟ್ಟಿ ಸತ್ತಾಗ ಉಳಿದವರನ್ನು ಉಳಿಸಿದ್ದು ಗಂಜಿಯ ದೊಡ್ಡ ಕೊಪ್ಪರಿಗೆಗಳು. ಕೆಲಸ ಮಾಡಿದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕು ಎಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಲೆಕ್ಕ ಹಾಕಿದ್ದ. ಅದು ಸಾಲದು ಎಂದು ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಜಗಳ ತೆಗೆದಿದ್ದ.

ಆ ಕೊಪ್ಪರಿಗೆಯ ನೆರಳು ನಮ್ಮ ಪತ್ರಿಕಾ ಭಾಷೆಯಲ್ಲಿ ಇನ್ನೂ ಇದೆ. ಪ್ರವಾಹ ಬಂದಾಗ ತೆರೆಯುವ ಆಶ್ರಯ ತಾಣಕ್ಕೆ ‘ಗಂಜಿ ಕೇಂದ್ರ’ ಎಂದೇ ಬರೆಯುತ್ತಿದ್ದೆವು. 2009ರ ಪ್ರವಾಹದಲ್ಲಿ ಆ ಪದವಿಲ್ಲದ ಪುಟವೇ ಇರಲಿಲ್ಲ. ಈಗ ಸರ್ಕಾರದ ಪ್ರಕಟಣೆಗಳಲ್ಲಿ ‘ಕಾಳಜಿ ಕೇಂದ್ರ’ ಅಂತ ಬರುತ್ತದೆ. ಹೆಸರು ಬದಲಾದದ್ದು ಒಳ್ಳೆಯದೇ ಇರಬಹುದು, ಅಲ್ಲಿ ಈಗ ಅನ್ನ, ಸಾರು, ಉಪ್ಪಿಟ್ಟು ಎಲ್ಲ ಕೊಡುತ್ತಾರೆ. ಆದರೆ ಗಂಜಿ ಅನ್ನುವ ಪದ ಬರದ, ಬಡತನದ, ಬೇಡುವವರ ಪದವಾಗಿ ಉಳಿಯಿತು. ಜಾಲತಾಣದ ಜಗಳಗಳಲ್ಲಿ ‘ಗಂಜಿ ಗಿರಾಕಿ’ ಅನ್ನುವುದು ಬೈಗುಳ. ಶಾಲೆಯ ಕೋಣೆಯಲ್ಲಿ ಆ ಅಜ್ಜಿ ದನಿ ತಗ್ಗಿಸಿ ಕೇಳಿದ್ದರ ಹಿಂದೆ ಇದೂ ಇದ್ದೀತು.

ಈಗ ನೀರಿನ ವಿಷಯಕ್ಕೆ ಬರೋಣ. ವಾಂತಿಭೇದಿಯಲ್ಲಿ ಸಾಯುವವರು ರೋಗಾಣುವಿಗಿಂತ ಹೆಚ್ಚಾಗಿ ನೀರು, ಉಪ್ಪು ಖಾಲಿಯಾಗಿ ಸಾಯುತ್ತಾರೆ. ಇದು ಇವತ್ತು ಆಶಾ ಕಾರ್ಯಕರ್ತೆಯರಿಗೆಲ್ಲ ಗೊತ್ತು. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದ್ದು 1831ರಲ್ಲಿ, ಓಶಾನೆಸ್ಸಿ ಎಂಬ ಇಪ್ಪತ್ತೆರಡರ ಯುವ ವೈದ್ಯ. ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿ, ಇದರಲ್ಲಿ ನೀರೂ ಇಲ್ಲ ಲವಣವೂ ಇಲ್ಲ ಎಂದ. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಥಾಮಸ್ ಲಟ್ಟ ಎಂಬಾತ ಉಪ್ಪುನೀರನ್ನು ನರಕ್ಕೆ ಏರಿಸಿ ಕೆಲವರನ್ನು ಬದುಕಿಸಿಯೂ ತೋರಿಸಿದ. ಯಾರೂ ಮುಂದುವರಿಸಲಿಲ್ಲ. ಓಶಾನೆಸ್ಸಿ ಕಲ್ಕತ್ತಾಕ್ಕೆ ಬಂದು ಕೊನೆಗೆ ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆದವನೆಂದು ಹೆಸರಾದ. ವೈದ್ಯರು ಮಾತ್ರ ರಕ್ತ ತೆಗೆಯುವುದು, ಪಾದರಸದ ಔಷಧಿ ಕೊಡುವುದು, ಅಫೀಮು ಕೊಡುವುದನ್ನೇ ಮುಂದುವರಿಸಿದರು. ನೀರು ಬೇಕೆಂದು ಕೂಗುವ ರೋಗಿಗೆ ನೀರು ಕೊಡಬಾರದು ಎಂದು ಆಣತಿ ಮಾಡಿದವರು ಬಹಳ ಜನ. ಹೊಟ್ಟೆಗೆ ಏನು ಹೋದರೂ ಹೊರಗೆ ಬರುತ್ತದೆ, ಹಾಗಾಗಿ ಏನೂ ಕೊಡಬೇಡಿ, ಇಷ್ಟೇ ತರ್ಕ.

ಈ ತರ್ಕ ಊರಿಂದ ಆಸ್ಪತ್ರೆಗೆ ಹೋಯಿತೋ, ಆಸ್ಪತ್ರೆಯಿಂದ ಊರಿಗೆ ಬಂತೋ ಹೇಳುವುದು ಕಷ್ಟ. ನಮ್ಮ ಮನೆಗಂತೂ ಬಂದಿತ್ತು. ನಮ್ಮಪ್ಪನಿಗೊಬ್ಬಳು ತಂಗಿ ಇದ್ದಳು. 1960ರ ಆಸುಪಾಸು, ಅಪ್ಪ ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಮಳೆಗಾಲದಲ್ಲಿ ಓಣಿಗೆಲ್ಲ ವಾಂತಿಭೇದಿ ಹತ್ತಿತು. ಮೂರು ವರ್ಷದ ಕೂಸು, ಒಂದು ಹಗಲು ಒಂದು ರಾತ್ರಿ. ಈ ಮಾತನ್ನು ಅಜ್ಜಿ ನಮ್ಮ ಮುಂದೆ ಒಮ್ಮೆ ಮಾತ್ರ ಆಡಿದ್ದಾಳೆ. “ನೀರ ಕೊಡಬ್ಯಾಡ ಅಂದ್ರು. ಕೊಟ್ರ ಇನ್ನೂ ಹರಿತೈತಿ ಅಂದ್ರು ಹಿರ್ಯಾರು. ಅದು ಕೊಡದ ಕಡೆ ಕೈ ಮಾಡಿ ಮಾಡಿ ತೋರಸ್ತಿತ್ತು. ನಾ ಕೊಡಲಿಲ್ಲೊ ತಮ್ಮಾ.” ಇಷ್ಟು ಹೇಳಿ ಎದ್ದು ಒಳಗೆ ಹೋದಳು.

ಆಗ ಗೊತ್ತಿರಲಿಲ್ಲ ಬಿಡು ಎಂದು ನಾವು ಬಹಳ ದಿನ ಅಂದುಕೊಂಡಿದ್ದೆವು. ಓದುತ್ತಾ ಹೋದಾಗ ಹಾಗಿರಲಿಲ್ಲ ಎಂದು ತಿಳಿಯಿತು.

1953ರಲ್ಲಿ ಕಲ್ಕತ್ತಾದ ಡಾ. ಹೇಮೇಂದ್ರನಾಥ ಚಟರ್ಜಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದ್ದರು. ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್ ಬೆರೆಸಿ 186 ಕಾಲರಾ ರೋಗಿಗಳಿಗೆ ಬಾಯಿಂದಲೇ ಕುಡಿಸಿ ಗುಣಪಡಿಸಿದ ವರದಿ ಅದು. ವಾಂತಿ ನಿಲ್ಲಿಸಲು ಮಾತ್ರೆ ಕೊಟ್ಟಿದ್ದರು. ಜೊತೆಗೆ ಒಂದು ಎಲೆಯ ರಸವನ್ನೂ ಬಳಸಿದ್ದರು. ಆ ಗಿಡದ ಹೆಸರು ಕೋಲಿಯಸ್ ಅರೋಮ್ಯಾಟಿಕಸ್ ಎಂದು ಓದಿ ನಾವು ಹುಡುಕಿದೆವು. ನೋಡಿದರೆ ನಮ್ಮ ದೊಡ್ಡಪತ್ರೆ! ಬಜ್ಜಿಗೆ ಹಾಕುವ, ತಂಬುಳಿಗೆ ಅರೆಯುವ, ಮಲೆನಾಡಿನವರು ಸಾಂಬ್ರಾಣಿ ಸೊಪ್ಪು ಅನ್ನುವ ಅದೇ ದಪ್ಪ ಎಲೆ. ಚಟರ್ಜಿಯವರು ಹೋಲಿಕೆಗೆ ಬೇರೊಂದು ಗುಂಪು ಇಟ್ಟುಕೊಂಡಿರಲಿಲ್ಲ, ರೋಗ ಬಹಳ ವಿಕೋಪಕ್ಕೆ ಹೋಗದವರಿಗೇ ಚಿಕಿತ್ಸೆ ಕೊಟ್ಟಿದ್ದರು. ವಿಜ್ಞಾನಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಲೇಖನ ಕಪಾಟು ಸೇರಿತು.

ಅದು ಯಾಕೆ ಕೆಲಸ ಮಾಡುತ್ತದೆ ಎಂಬುದು 1960ರಲ್ಲಿ ತಿಳಿಯಿತು. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಗೆ ಹೋಗುವ ಒಂದು ಬಾಗಿಲಿದೆ ಎಂದು ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಹೇಳಿದ. ಉಪ್ಪೊಂದೇ ಹೋದರೆ ಆ ಬಾಗಿಲು ತೆರೆಯದು, ಸಕ್ಕರೆ ಜೊತೆಗಿದ್ದರೆ ತೆರೆಯುತ್ತದೆ, ಇಬ್ಬರ ಬೆನ್ನಿಗೆ ನೀರೂ ಒಳಗೆ ನುಗ್ಗುತ್ತದೆ. ಕಾಲರಾದಲ್ಲಿ ಉಳಿದ ವ್ಯವಸ್ಥೆ ಕೆಟ್ಟರೂ ಈ ಬಾಗಿಲು ಮಾತ್ರ ಕೆಡುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನ್ಯಾಲಿನ್, ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳ ಮೇಲೆ ಸರಿಯಾಗಿ ಪರೀಕ್ಷಿಸಿ ತೋರಿಸಿದರು.

ಆಮೇಲೆ ಬಂತು 1971. ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ, ಭೇದಿ ವಾಂತಿಯ ನಡುವೆ ಮಲಗಿದ್ದರು. ಸಲೈನ್ ಮುಗಿಯುತ್ತ ಬಂದಿತ್ತು. ಅಲ್ಲಿದ್ದ ಮಕ್ಕಳ ವೈದ್ಯ ಡಾ. ದಿಲೀಪ್ ಮಹಲನಬೀಸ್ ಕಲ್ಕತ್ತಾದಲ್ಲಿ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ತೂಗಿ ಪೊಟ್ಟಣ ಕಟ್ಟಿಸಿದರು. ನಲ್ಲಿ ಇರುವ ಡ್ರಮ್ಮುಗಳಲ್ಲಿ ಕರಗಿಸಿ, ಲೋಟ ಕೊಟ್ಟು, ರೋಗಿಯ ಅಮ್ಮ, ಅಣ್ಣ, ಗಂಡ ಯಾರಿದ್ದಾರೋ ಅವರೇ ಕುಡಿಸಲಿ ಎಂದರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ ಶೇ 3.6ಕ್ಕೆ ಇಳಿಯಿತು. ಈ ವರದಿ ಅಚ್ಚಾಗಿದ್ದು 1973ರಲ್ಲಿ. 1978ರಲ್ಲಿ ‘ಲ್ಯಾನ್ಸೆಟ್’ ಈ ಚಿಕಿತ್ಸೆಯ ಹಿಂದಿನ ಶೋಧವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಇದೇ ಇರಬಹುದು ಎಂದಿತು. ಮಹಲನಬೀಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಸರ್ಕಾರ ಪದ್ಮವಿಭೂಷಣ ಕೊಟ್ಟಿದ್ದು ಮರುವರ್ಷ, ಮರಣೋತ್ತರವಾಗಿ.

ಆ ಯುದ್ಧದಿಂದ ಹುಟ್ಟಿದ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯವರು 1980ರಿಂದ ಹತ್ತು ವರ್ಷ ಮನೆ ಮನೆಗೆ ಹೋಗಿ ಒಂದು ಪಾಠ ಹೇಳಿಕೊಟ್ಟರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳು. ತಾಯಂದಿರಿಗೆ ಎಷ್ಟು ನೆನಪುಳಿಯಿತು ಎಂದು ಆಮೇಲೆ ಬೇರೆಯವರು ಹೋಗಿ ಪರೀಕ್ಷಿಸುತ್ತಿದ್ದರು, ಅದರ ಮೇಲೆ ಹೇಳಿಕೊಟ್ಟವಳ ಸಂಬಳ. ನಡುವೆ ಒಂದು ಸ್ವಾರಸ್ಯ ಬೆಳಕಿಗೆ ಬಂತು. ಪಾಠ ಹೇಳುವ ಕಾರ್ಯಕರ್ತೆಯರೇ ತಮಗೆ ಭೇದಿಯಾದಾಗ ಇದನ್ನು ಕುಡಿಯುತ್ತಿರಲಿಲ್ಲ, ನಂಬಿಕೆಯಿರಲಿಲ್ಲ. ಅವರನ್ನು ಢಾಕಾಕ್ಕೆ ಕರೆಸಿ, ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸಿ ಹೇಳಿದ ಮೇಲೆ ಕೆಲಸ ಕುದುರಿತು. ನಮ್ಮಲ್ಲಿ ಗೋಡೆಗೆ ಬರೆಸುವ ಆರೋಗ್ಯ ಘೋಷಣೆಗಳ ಮೇಲೆ ಎಷ್ಟು ಖರ್ಚಾಗುತ್ತದೋ, ಅದರಲ್ಲಿ ಒಂದು ಪಾಲು ಹೀಗೆ ಕೂತು ತಿಳಿಸಿ ಹೇಳುವುದಕ್ಕೆ ಹೋಗಿದ್ದರೆ ಅನಿಸುತ್ತದೆ.

ಇಲ್ಲಿಂದ ಚರಿತ್ರೆ ಮತ್ತೆ ಗಂಜಿಗೆ ತಿರುಗುತ್ತದೆ. ಸಕ್ಕರೆ ನೀರು ಜೀವ ಉಳಿಸಿತು, ಆದರೆ ಭೇದಿ ಕಡಿಮೆ ಮಾಡಲಿಲ್ಲ. ಸಕ್ಕರೆ ಹೆಚ್ಚಾದರೆ ಕರುಳೇ ನೀರನ್ನು ಹೊರಕ್ಕೆ ಸುರಿಯುತ್ತದೆ, ಭೇದಿ ಇನ್ನೂ ಜೋರಾಗುತ್ತದೆ. ಹಾಗಾದರೆ ಸಕ್ಕರೆಯ ಬದಲು ಅಕ್ಕಿ ಹಾಕಿದರೆ? ಪಿಷ್ಟ ನಿಧಾನವಾಗಿ ಒಡೆದು ಚೂರುಚೂರೇ ಗ್ಲೂಕೋಸ್ ಆಗುತ್ತದೆ, ಒಮ್ಮೆಲೇ ನೀರನ್ನು ಎಳೆಯುವುದಿಲ್ಲ. 1982ರಲ್ಲಿ ಢಾಕಾದ ಕಾಲರಾ ಸಂಶೋಧನಾ ಕೇಂದ್ರದವರು ಬೇಯಿಸಿದ ಅಕ್ಕಿಹಿಟ್ಟಿನ ದ್ರಾವಣ ಕೊಟ್ಟು ನೋಡಿದರು. ಕೆಲಸ ಮಾಡಿತು. ಆಮೇಲಿನ ಅಧ್ಯಯನಗಳಲ್ಲಿ ಕಾಲರಾ ರೋಗಿಗಳಿಗೆ ಭೇದಿಯ ಪ್ರಮಾಣವೂ ತಗ್ಗಿದ್ದು ಕಂಡಿತು. 2000ದಲ್ಲಿ ವೆಲ್ಲೂರಿನ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು, ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿನ ತನಕ ಹೋಗುವ ಪಿಷ್ಟ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ನೀರು ಹೀರಲು ನೆರವಾಗುತ್ತದೆ ಎಂದು ತೋರಿಸಿದರು. ಮರುವರ್ಷ ಬಾಂಗ್ಲಾದೇಶದಲ್ಲಿ, ವಾರಗಟ್ಟಲೆ ಭೇದಿ ನಿಲ್ಲದ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿ ಕೊಟ್ಟ ಪ್ರಯೋಗದಲ್ಲೂ ಒಳ್ಳೆಯ ಫಲ ಬಂತು. ಬಾಳೆಕಾಯಿ ಭೇದಿ ಕಟ್ಟುತ್ತದೆ ಎಂದು ಹೇಳಿದರೆ ‘ಹಳ್ಳಿ ಔಷಧಿ’ ಎಂದು ನಗುತ್ತಿದ್ದವರಿಗೆ ಇನ್ನು ಮೇಲೆ ಇದನ್ನು ಹೇಳಬಹುದು.

ಗಂಜಿ ಪೊಟ್ಟಣವನ್ನು ಪೂರ್ತಿ ಹಿಂದೆ ಹಾಕಲಿಲ್ಲ, ಅದಕ್ಕೂ ಕಾರಣವಿದೆ. ಅಕ್ಕಿ ಬೇಯಿಸಬೇಕು, ಉರುವಲು ಬೇಕು, ನಡುರಾತ್ರಿ ಭೇದಿ ಶುರುವಾದರೆ ಒಲೆ ಹೊತ್ತಿಸುವವರು ಬೇಕು. ಬೆಳಿಗ್ಗೆ ಮಾಡಿದ್ದು ಸಂಜೆಗೆ ಹುಳಿಯುತ್ತದೆ. ಪೊಟ್ಟಣ ಹರಿದು ನೀರಿಗೆ ಹಾಕುವಷ್ಟು ಸುಲಭ ಅಲ್ಲ ಅದು. ಪೊಟ್ಟಣದ ಸೂತ್ರವನ್ನೂ 2002ರಲ್ಲಿ ತಿದ್ದಿದರು, ಉಪ್ಪು ಸಕ್ಕರೆ ಎರಡನ್ನೂ ತಗ್ಗಿಸಿದರು. ಈಗ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಣ್ಣೀರಿಗಿಂತ ಉಪ್ಪಾಗಿರಬಾರದು ಅನ್ನುವುದು ಅಳತೆ. ಮಕ್ಕಳಿಗೆ ಜೊತೆಗೆ ಸತುವಿನ ಮಾತ್ರೆ 14 ದಿನ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಗಂಜಿಯೂ ಬೇಡ, ಈ ಬರಹವೂ ಬೇಡ, ಆಸ್ಪತ್ರೆಗೆ ಹೊರಡಿ.

ಅಂಗಡಿಯಲ್ಲಿ ಒಂದು ಮೋಸವೂ ನಡೆಯುತ್ತಿತ್ತು. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿಗಳ ಮೇಲೆ ಒಆರ್‌ಎಸ್ ಎಂದು ದೊಡ್ಡದಾಗಿ ಅಚ್ಚು ಹಾಕಿ ಮಾರುತ್ತಿದ್ದರು. ನಮಗೂ ಒಮ್ಮೆ ಒಂದು ಔಷಧಿ ಅಂಗಡಿಯಲ್ಲಿ, ಮಗುವಿಗೆ ಬೇಕೆಂದು ಕೇಳಿದಾಗ ಅದನ್ನೇ ಕೈಗಿತ್ತರು. ಎರಡು ಡಬ್ಬಿ ಕುಡಿಸಿದ ಮೇಲೆ ಭೇದಿ ಹೆಚ್ಚಾಯಿತು, ನಮಗೆ ಅರ್ಥವಾಗಲಿಲ್ಲ. ಬರೀ ಸಕ್ಕರೆ ಎಂದು ತಿಳಿದದ್ದು ಆಮೇಲೆ. 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಮೇಲೆ ಆ ಹೆಸರು ಬಳಸುವಂತಿಲ್ಲ ಎಂದಿತು. ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು.

ಇಷ್ಟೆಲ್ಲ ಆದಮೇಲೂ ರುಚಿಯ ಮಾತು ಉಳಿಯುತ್ತದೆ. ಹೊಟ್ಟೆ ಕೆಟ್ಟವನಿಗೆ ಬಾಯಿಯೂ ಕೆಟ್ಟಿರುತ್ತದೆ. ಕೊಟ್ಟದ್ದನ್ನು ಅವನು ಕುಡಿಯಲೇ ಇಲ್ಲವೆಂದರೆ ಎಷ್ಟು ಗ್ರಾಂ ಉಪ್ಪಿದ್ದರೇನು. ಈ ವಿಷಯದಲ್ಲಿ ನಮ್ಮ ಅಡುಗೆಮನೆಗಳನ್ನು ಮೆಚ್ಚಲೇಬೇಕು. ಕರಾವಳಿಯವರು ಕುಚ್ಚಲಕ್ಕಿ ಗಂಜಿಗೆ ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿಯ ರಸದ ಒಂದು ಬೊಟ್ಟು ಇಡುತ್ತಾರೆ. ಮಲೆನಾಡಿನವರು ಸೊಪ್ಪನ್ನೋ ಸಿಪ್ಪೆಯನ್ನೋ ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಅರೆದು, ಮಜ್ಜಿಗೆಗೆ ಕಲಸಿದರೆ ತಂಬುಳಿ ಆಯಿತು. ರೋಗಿಗಾದರೆ ಕಾಯಿತುರಿ ಕಡಿಮೆ. ಹಳೆ ಮೈಸೂರಿನಲ್ಲಿ ರಾಗಿ ಅಂಬಲಿ, ನಮ್ಮ ಕಡೆ ಜೋಳದ ನುಚ್ಚು ಮಜ್ಜಿಗೆ, ಆದರೆ ಅದು ಎರಡನೇ ಮೂರನೇ ದಿನಕ್ಕೆ. ಸಬ್ಬಕ್ಕಿ ಗಂಜಿಯನ್ನು ಪುರಾತನದ್ದು ಎಂದುಕೊಂಡವರಿಗೆ ಬೇಸರವಾಗಬಹುದು. ಈಗ ಸಿಗುವ ಸಬ್ಬಕ್ಕಿ ಮರಗೆಣಸಿನದು. ಮರಗೆಣಸು ದಕ್ಷಿಣ ಅಮೆರಿಕದ ಬೆಳೆ, ಸೇಲಂನಲ್ಲಿ ಸಬ್ಬಕ್ಕಿ ಕಾರ್ಖಾನೆ ಶುರುವಾದದ್ದು 1940ರ ದಶಕದಲ್ಲಿ. ಇನ್ನು ಬ್ರೆಡ್ಡು. ನಾವು ಚಿಕ್ಕವರಿದ್ದಾಗ ನಮ್ಮೂರಲ್ಲಿ ಬ್ರೆಡ್ ಪೌಂಡು ಕೈಯಲ್ಲಿ ಹಿಡಿದು ಹೋಗುವವರನ್ನು ಕಂಡರೆ “ಯಾರಿಗೆ ಆರಾಮಿಲ್ಲ?” ಎಂದೇ ಕೇಳುತ್ತಿದ್ದರು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿ ಅದೊಂದನ್ನೇ ನೆಚ್ಚಿ ಕೂರುವ ಹಾಗಿಲ್ಲ.

ನಮ್ಮ ಅಜ್ಜಿಯದು ಹೀಗೆ: ಹಳೆ ಅಕ್ಕಿಯನ್ನು ಎಣ್ಣೆ ಹಾಕದೆ ಕೆಂಪಗಾಗುವ ಮೊದಲು ಹುರಿದು, ಒರಳಲ್ಲಿ ನುಚ್ಚು ಮಾಡುತ್ತಾಳೆ. ಒಂದು ಹಿಡಿ ಹೆಸರುಬೇಳೆ, ಜಜ್ಜಿದ ಹಸಿ ಶುಂಠಿ, ಜೀರಿಗೆ. ನೀರು ಎಷ್ಟೆಂದರೆ, ಸೌಟಿನಿಂದ ಎತ್ತಿ ಬಿಟ್ಟರೆ ಎಳೆ ಕಡಿಯಬಾರದು. ಕೊನೆಗೆ ಉಪ್ಪು, ಮೇಲೆ ಅರ್ಧ ಚಮಚ ತುಪ್ಪ. ಆರಿದ ಗಂಜಿ ಮತ್ತೆ ಬಿಸಿ ಮಾಡಿ ಕೊಡುವುದಿಲ್ಲ. ಪ್ರತಿ ಸಲ ಹೊಸದೇ.

ಕಳೆದ ಮಳೆಗಾಲದಲ್ಲಿ ಅಜ್ಜಿಗೇ ಭೇದಿಯಾಯಿತು. ಆರೋಗ್ಯ ಕೇಂದ್ರದಿಂದ ಪೊಟ್ಟಣ ತಂದು ಕಲಸಿ ಕೊಟ್ಟೆವು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಲೋಟ ಕೆಳಗಿಡದೆ ಪೊಟ್ಟಣ ಇಸಕೊಂಡು ತಿರುಗಿಸಿ ನೋಡಿದಳು. ಅಕ್ಷರ ಬರುವುದಿಲ್ಲ.

“ಎಷ್ಟು ಇದಕ್ಕ?”

“ದುಡ್ಡಿಲ್ಲ ಅಜ್ಜಿ, ಆಶಾ ಕಾರ್ಯಕರ್ತೆ ಕೊಟ್ಟಾಳ.”

“ಏನ್ ಇರ್ತೈತಿ ಇದರಾಗ?”

“ಉಪ್ಪು, ಸಕ್ಕರಿ. ಅಷ್ಟ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಆವಾಗ ಇತ್ತೇನೊ ಇದು?”

1953 ಎಂಬ ಇಸವಿ ನಮ್ಮ ಬಾಯಿಗೆ ಬಂದಿತ್ತು. ಇರಲಿಲ್ಲ ಎಂದೆವು. ಅಜ್ಜಿ ಉಳಿದದ್ದನ್ನು ಕುಡಿದು ಲೋಟ ಕೊಟ್ಟಳು. ಅರ್ಧ ತಾಸು ಬಿಟ್ಟು, ಗಂಜಿಗೆ ಅಕ್ಕಿ ಹುರಿಯುವಾಗ ಒಲೆ ಸಣ್ಣಗಿರಲಿ ಎಂದು ಒಳಗಿನಿಂದಲೇ ಕೂಗಿ ಹೇಳಿದಳು.